ಸೀರೆಯಲ್ಲಿ ಉಳಿದ ಕಾಲು ಪಾಲು

ಉಪ್ಪಿನಂಗಡಿಯ ಮರದ ಡಿಪೋದಲ್ಲಿ ಅಳತೆಗೆ ನಿಂತಿದ್ದ ದೇರಣ್ಣ ಗೌಡನ ಓದು ನಾಲ್ಕನೇ ಕ್ಲಾಸಿಗೆ ಮುಗಿದಿತ್ತು. ಐದನೆಯದಕ್ಕೆ ಸೇರಿದ ಮೂರನೇ ದಿನ, ಮೇಷ್ಟ್ರು ಹಲಗೆಯ ಮೇಲೆ ಬರೆದ ಲೆಕ್ಕ ತಪ್ಪೆಂದು ಹೇಳಿ ಪೆಟ್ಟು ತಿಂದ. ಸ್ಲೇಟನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಲೆಕ್ಕ ತಪ್ಪೇ ಇತ್ತು. ತಪ್ಪನ್ನು ತಪ್ಪೆಂದು ಹೇಳಿದವನಿಗೆ ಪೆಟ್ಟು ಕೊಡುವ ಶಾಲೆ ಯಾರಿಗೆ ಬೇಕು?

ಹುಟ್ಟೂರು ಸುಳ್ಯದ ಹತ್ತಿರದ ಅಜ್ಜಾವರ. ಅಪ್ಪ ತೀರಿಕೊಂಡ ಮೇಲೆ ಅವ್ವ ಪೂವಕ್ಕನನ್ನು ಕರೆದುಕೊಂಡು ಉಪ್ಪಿನಂಗಡಿಗೆ ಬಂದವನು ಮೊದಲು ದಿಮ್ಮಿ ಉರುಳಿಸಿದ, ಆಮೇಲೆ ಟೇಪು ಹಿಡಿದ. ಕಡಬದ ಆಚೆ ಘಟ್ಟದ ಬುಡದಲ್ಲಿ ಕಡಿದ ಮರಗಳನ್ನು ತೆಪ್ಪ ಕಟ್ಟಿ ಕುಮಾರಧಾರೆ ಹೊಳೆಗೆ ಬಿಡುತ್ತಿದ್ದ ಕಾಲ ಅದು. ತೆಪ್ಪ ಬಂದು ದಡಕ್ಕೆ ತಾಗಿದರೆ ದೇರಣ್ಣ ಪಂಚೆ ಎತ್ತಿ ಕಟ್ಟಿ ದಿಮ್ಮಿಯಿಂದ ದಿಮ್ಮಿಗೆ ಹಾರುತ್ತಾ ಅಳತೆ ಕೂಗುತ್ತಿದ್ದ. ದಿಮ್ಮಿಯ ನಡುವಿನ ಸುತ್ತಳತೆ ಹಿಡಿ, ಅದರ ಕಾಲು ಪಾಲು ತೆಗೆ, ಆ ಕಾಲನ್ನು ಕಾಲಿನಿಂದಲೇ ಗುಣಿಸು, ಬಂದದ್ದನ್ನು ಉದ್ದದಿಂದ ಗುಣಿಸು. ಅಷ್ಟು ಘನ ಅಡಿ. ಟೇಪಿನಲ್ಲಿ ಕಾಲು ಇಂಚಿಗಿಂತ ಸಣ್ಣ ಚೂರು ಬಂದರೆ ಬಿಟ್ಟುಬಿಡು. ಇದು ಮರದ ವ್ಯಾಪಾರದ ಕ್ರಮ. ಮಾರುವವನೂ ಕೊಳ್ಳುವವನೂ ದೇರಣ್ಣ ಕೂಗಿದ ಮೇಲೆ ಇನ್ನೊಮ್ಮೆ ಅಳೆಯಲು ಹೇಳಿದ್ದಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಇಂಚು ಹೆಚ್ಚು ಕೂಗಿದವನಲ್ಲ, ಒಂದು ಇಂಚು ನುಂಗಿದವನೂ ಅಲ್ಲ.

ಇಷ್ಟಕ್ಕೇ ನಿಂತಿದ್ದರೆ ಅವನ ಕತೆ ಹೇಳುವ ಅಗತ್ಯವೇ ಇರಲಿಲ್ಲ. ಅವನು ದೇವರನ್ನೂ ಅಳೆಯಲು ಹೊರಟ.

ಶುರುವಾದದ್ದು ಹೀಗೆ. ಪುತ್ತೂರಿನ ಒಬ್ಬ ಲೆಕ್ಕದ ಮೇಷ್ಟ್ರು ಮನೆಯ ಮಾಡಿನ ತೊಲೆಗೆ ಮರ ಕೊಳ್ಳಲು ಬಂದಿದ್ದರು. ದೇರಣ್ಣನ ಗುಣಾಕಾರ ನೋಡಿ ನಕ್ಕರು.

“ಎಂತ ಮಾರಾಯ, ದುಂಡಗಿನ ಮರಕ್ಕೆ ಈ ಲೆಕ್ಕ ಹಾಕಿದರೆ ಐದರಲ್ಲಿ ಒಂದು ಪಾಲು ಮಾಯ ಆಗ್ತದಲ್ಲ!”

ದೇರಣ್ಣನಿಗೆ ಕೋಪ ಬಂತು. ಒಂದು ತುಂಡು ಮರ ತಂದ, ಬಾಯಿಮಟ್ಟ ನೀರು ತುಂಬಿದ ಕಡಾಯಿಯಲ್ಲಿ ಅದನ್ನು ಅದುಮಿ ಮುಳುಗಿಸಿದ, ಹೊರಗೆ ಚೆಲ್ಲಿದ ನೀರನ್ನು ಅಳೆದ. ಮೇಷ್ಟ್ರು ಹೇಳಿದ್ದು ಸರಿ. ಐದರಲ್ಲಿ ಒಂದು ಪಾಲು ಮರ ಯಾವ ಪುಸ್ತಕದಲ್ಲೂ ಇಲ್ಲ. ಮೂರು ದಿನ ಅದನ್ನೇ ಲೆಕ್ಕ ಹಾಕುತ್ತಾ ತಿರುಗಿ ನಾಲ್ಕನೇ ದಿನ ಡಿಪೋದ ಧಣಿಯ ಎದುರು ಹೋಗಿ ನಿಂತ.

“ಧಣಿ, ಆ ಐದನೇ ಪಾಲನ್ನು ಯಾರೂ ಬರೆಯುದಿಲ್ಲ, ಅದಕ್ಕೆ ಯಾರೂ ದುಡ್ಡು ಕೊಡುದಿಲ್ಲ, ಆದರೂ ಎಲ್ಲಾ ಮರದ ಒಳಗೆ ಉಂಟು. ದೇವರು ಅಂತ ಹೇಳುದು ಇದನ್ನೇ. ಸಿಕ್ಕಿತು ನನಗೆ.”

ಧಣಿ ಅತ್ತಿತ್ತ ನೋಡಿದರು. “ಸಿಕ್ಕಿದರೆ ಒಳ್ಳೇದಾಯ್ತು. ಮರ ಮಾರುವವರಿಗೆ ಮಾತ್ರ ಆ ದೇವರನ್ನು ತೋರಿಸಬೇಡ.”

ಆಮೇಲೆ ಅವನನ್ನು ಹಿಡಿಯಲು ಆಗಲಿಲ್ಲ. ಊರ ದೇವಸ್ಥಾನದ ಪರಮೇಶ್ವರ ಭಟ್ಟರಿಗೆ ಡಿಪೋದ ಸ್ಪ್ರಿಂಗ್ ತಕ್ಕಡಿ ಕೊಟ್ಟು, ನೈವೇದ್ಯದ ಅನ್ನವನ್ನು ಒಳಗೆ ಇಡುವ ಮೊದಲೊಮ್ಮೆ, ಹೊರಗೆ ತಂದ ಮೇಲೊಮ್ಮೆ ತೂಗಲು ಹೇಳಿದ. ಭಟ್ಟರು ಬೈದು ಕಳುಹಿಸಿದರು. ಆದರೆ ಅವರೂ ಮನುಷ್ಯರೇ. ಯಾರೂ ಇಲ್ಲದಾಗ ತೂಗಿದರು. ಮಾರನೇ ದಿನ ಓಡುತ್ತಾ ಬಂದರು.

“ದೇರಣ್ಣಾ, ಐದು ತೊಲ ಕಡಿಮೆ! ದೇವರು ತಿಂದಿದ್ದಾರೆ ಮಾರಾಯ, ಐದು ತೊಲ ತಿಂದಿದ್ದಾರೆ!”

“ಅನ್ನ ಬಿಸಿ ಇತ್ತಾ?”

“ಒಲೆಯಿಂದ ಇಳಿಸಿದ್ದು. ಹೊಗೆ ಬರ್ತಾ ಇತ್ತು.”

“ಹಾಗಾದರೆ ಹಬೆ ಹೋದದ್ದು.”

ಭಟ್ಟರ ಮುಖ ಸಣ್ಣದಾಯಿತು. ಅದನ್ನು ನೋಡಿ ದೇರಣ್ಣನೇ ಒಂದು ರಾಜಿ ಮಾಡಿದ. “ದೇವರು ಹಬೆ ತಿನ್ನುದಿಲ್ಲ ಅಂತ ನಾನು ಹೇಳಲಿಲ್ಲ ಭಟ್ರೆ. ಇಷ್ಟು ಮಾತ್ರ ಗೊತ್ತಾಯ್ತು: ಅವರಿಗೆ ಬಿಸಿಬಿಸಿ ಬೇಕು.” ಅಂದಿನಿಂದ ಆ ದೇವಸ್ಥಾನದಲ್ಲಿ ತಣ್ಣಗಿನ ನೈವೇದ್ಯ ಇಟ್ಟದ್ದಿಲ್ಲ.

ಈ ಹುಚ್ಚಿಗೆ ಜೊತೆ ತೆಪ್ಪದ ಮೇಸ್ತ್ರಿ ಅಬೂಬಕರ್. ಕಡಬದಿಂದ ಉಪ್ಪಿನಂಗಡಿಯವರೆಗೆ ಹೊಳೆಯ ಒಂದೊಂದು ಕಲ್ಲನ್ನೂ ಕಾಲಿನಲ್ಲೇ ಗುರುತಿಸುತ್ತಿದ್ದ ಬ್ಯಾರಿ ಮುಸಲ್ಮಾನ. ಎರಡು ಹೊಳೆ ಕೂಡುವ ಸಂಗಮದ ಮೆಟ್ಟಿಲ ಮೇಲ್ಗಡೆ ತ್ಯಾಂಪಣ್ಣನ ಚಾ ಅಂಗಡಿ. ಮನುಷ್ಯನ ಎರಡು ಹೆಗಲಿನಲ್ಲಿ ಇಬ್ಬರು ಮಲಕ್‌ಗಳು, ಅಂದರೆ ದೇವದೂತರು, ಕೂತು, ಬಲಗಡೆಯವರು ಪುಣ್ಯ, ಎಡಗಡೆಯವರು ಪಾಪ ಬರೆಯುತ್ತಾರೆಂದು ಅಬೂಬಕರ್ ಒಂದು ದಿನ ಅಲ್ಲಿ ಹೇಳಿದ. ದೇರಣ್ಣ ಟೇಪು ತೆಗೆದು, ನೆಲದಿಂದ ಅವನ ಎರಡೂ ಹೆಗಲಿನ ಎತ್ತರ ಹಿಡಿದ.

“ಎಡದ್ದು ಅರ್ಧ ಇಂಚು ಕೆಳಗೆ ಉಂಟು. ಎಂತ ಬ್ಯಾರಿ, ಎಡಗಡೆಯವರ ಪುಸ್ತಕ ದಪ್ಪ ಆಗಿದೆಯಾ?”

“ಅದು ಮೂವತ್ತು ವರ್ಷ ತೆಪ್ಪದ ಬಿದಿರು ಜಲ್ಲೆ ಊರಿದ ಹೆಗಲು ಗೌಡ್ರೆ! ಮಲಕ್‌ಗಳಿಗೆ ಭಾರ ಇಲ್ಲ, ಬೆಳಕಿನಿಂದ ಆದವರು.”

“ಅವರು ಬೆಳಕು, ಸರಿ. ಪುಸ್ತಕ?”

“ಈಗ ಕಿಲೋ ಬಂದಿದೆಯಲ್ಲ, ಪುಸ್ತಕವನ್ನೂ ಹಗುರ ಮಾಡಿರ್ತಾರೆ,” ಎಂದು ತ್ಯಾಂಪಣ್ಣ ನಡುವೆ ಬಾಯಿ ಹಾಕಿದ. ಅದು ಸೇರು, ರಾತಲು ಹೋಗಿ ಕಿಲೋ ಗ್ರಾಮು ಬರುತ್ತಿದ್ದ ವರ್ಷ, ಸಾವಿರದ ಒಂಬೈನೂರ ಅರವತ್ತೊಂದು. ಇವರು ಮೂವರೂ ನಕ್ಕದ್ದು ಮೆಟ್ಟಿಲ ಕೆಳಗಿನವರೆಗೆ ಕೇಳಿತು.

ಆ ವರ್ಷದ ಕಾರ್ತಿಕದಲ್ಲಿ ಸಂಗಮದಲ್ಲಿ ಮುಳುಗಲು ಜನ ಬಂದಿದ್ದರು. ಕಬಕದಿಂದ, ಪುತ್ತೂರಿನಿಂದ, ಎಲ್ಲೆಲ್ಲಿಂದಲೋ. ನೋಡುತ್ತಾ ನೋಡುತ್ತಾ ತ್ಯಾಂಪಣ್ಣ ಕೇಳಿದ.

“ಇಷ್ಟು ಜನ ತೊಳೆದರೆ ಆ ಪಾಪ ಎಲ್ಲ ಎಲ್ಲಿಗೆ ಹೋಗುದು?”

“ಮಂಗಳೂರಿಗೆ,” ಎಂದ ಅಬೂಬಕರ್. “ನಮ್ಮ ಹೊಳೆ ಹೋಗುದು ಅಲ್ಲಿಗೇ.”

ದೇರಣ್ಣ ನಗಲಿಲ್ಲ. ಅವನಿಗೆ ಒಂದು ಯೋಚನೆ ಹತ್ತಿತ್ತು. ಮಧ್ಯಾಹ್ನ ಡಿಪೋಗೆ ಹೋಗಿ ಒಣಗಿದ ಪಂಚೆಯೊಂದನ್ನು ತೂಗಿದ, ಮುಳುಗಿಸಿ ತೂಗಿದ, ಹಿಂಡಿ ತೂಗಿದ. ಸಂಜೆಗೆ ಚಾ ಅಂಗಡಿಯಲ್ಲಿ ಫಲಿತಾಂಶ ಹೇಳಿದ.

“ಬಟ್ಟೆ ಕುಡಿದ ನೀರು ನಾಲ್ಕು ರಾತಲು. ಹಿಂಡಿದ ಮೇಲೆ ಉಳಿದದ್ದು ಒಂದು ರಾತಲು. ಪಾಪ ನೀರಿನಲ್ಲಿ ಕರಗುದು ಅಂತಾದರೆ, ಮೂರು ಪಾಲು ಹೊಳೆಗೆ ಹೋಯ್ತು, ಕಾಲು ಪಾಲು ಬಟ್ಟೆಯಲ್ಲೇ ಮನೆಗೆ ಬಂತು. ಬಿಸಿಲಿಗೆ ಹಾಕಿದಿರಿ. ನೀರು ಹಾರಿತು. ಸಮುದ್ರದ ನೀರು ಒಣಗಿದರೆ ಎಂತ ಉಳಿಯುದು?”

“ಉಪ್ಪು.”

“ಹಾಂ. ಹಾಗೇ ಇದು. ನಾಳೆ ಪುನಃ ಮುಳುಗಿದರೆ ಕಾಲಿನ ಕಾಲು. ನಾಡಿದ್ದು ಅದರ ಕಾಲು. ಕಡಿಮೆ ಆಗ್ತಾ ಹೋಗ್ತದೆ. ಮುಗಿಯುದು ಅಂತ ಇಲ್ಲ!”

ಅಂಗಡಿಯೆಲ್ಲ ನಕ್ಕಿತು. ಒಳ್ಳೆಯ ಮಾತು ಹೇಳಿದ ಖುಷಿಯಲ್ಲಿ ದೇರಣ್ಣ ಎರಡು ಚಾ ಕುಡಿದು ಮನೆಗೆ ಹೋದ. ತ್ಯಾಂಪಣ್ಣನ ಬಾಯಿ ಸುಮ್ಮನಿರುವ ಬಾಯಿಯಲ್ಲ. ಎರಡು ದಿನ ಕಳೆದು ಬೆಲ್ಲ ತರಲು ಬಂದ ಪೂವಕ್ಕನಿಗೆ, ನಿಮ್ಮ ಮಗ ಹೀಗೆ ಹೇಳಿದ, ತೂಗಿಯೇ ಹೇಳಿದ ಎಂದು ಸವಿಸ್ತಾರ ವರದಿ ಒಪ್ಪಿಸಿದ.

ಆ ದಿನ ಊಟಕ್ಕೆ ಬಡಿಸುತ್ತಾ ಪೂವಕ್ಕ ಮಗನನ್ನು ಕೇಳಿದಳು. “ಕಾಲು ಪಾಲು ಉಳಿಯುದು ಹೌದಾ?”

“ಹೌದವ್ವ. ಬೇಕಾದರೆ ನೀನೇ ತೂಗು.”

“ನೀನು ತೂಗಿದ್ದಲ್ವಾ, ಸಾಕು,” ಎಂದಳು.

ಮಾರನೇ ಬೆಳಿಗ್ಗೆ ದೇರಣ್ಣ ಏಳುವಾಗ ಅವ್ವ ಮನೆಯಲ್ಲಿ ಇರಲಿಲ್ಲ. ಒದ್ದೆ ಸೀರೆಯಲ್ಲಿ, ಒದ್ದೆ ತಲೆಯಲ್ಲಿ ಸಂಗಮದಿಂದ ಒಂದು ಮೈಲಿ ನಡೆದು ಬಂದಳು. ಅದರ ಮಾರನೇ ದಿನವೂ. ಅದರ ಮಾರನೇ ದಿನವೂ. ಅರವತ್ತೈದು ದಾಟಿದ ಹೆಂಗಸು. ಬಂದವಳೇ ಜಗಲಿಯಲ್ಲಿ ನಿಂತು ಕೇಳುವಳು, “ಎಷ್ಟು ಉಳಿಯಿತು?”

ಮೊದಮೊದಲು ದೇರಣ್ಣನಿಗೆ ಅದು ಆಟವೇ ಆಗಿತ್ತು. “ಅರವತ್ತನಾಲ್ಕರಲ್ಲಿ ಒಂದು,” ಎಂದ ಮೂರನೇ ದಿನ. ಐದನೇ ದಿನ, “ಸಾವಿರದ ಇಪ್ಪತ್ತನಾಲ್ಕರಲ್ಲಿ ಒಂದು. ಇನ್ನು ಅದು ಎಂತದ್ದೂ ಅಲ್ಲ ಅವ್ವ.”

“ಎಂತದ್ದೂ ಅಲ್ಲವಾ, ಇಲ್ಲವೇ ಇಲ್ಲವಾ?”

“ಉಂಟು. ಸಣ್ಣದು.”

“ಉಂಟಲ್ಲ,” ಎಂದು ಒಳಗೆ ಹೋದಳು.

ಹತ್ತನೇ ದಿನಕ್ಕೆ ಲೆಕ್ಕ ಹತ್ತು ಲಕ್ಷ ದಾಟಿತು, ಪೂವಕ್ಕನಿಗೆ ಕೆಮ್ಮು ಹಿಡಿಯಿತು. ಹೊಳೆಯ ನೀರು ಬೆಳಿಗ್ಗೆ ಕೊರೆಯುವ ತಿಂಗಳು. ದೇರಣ್ಣನ ಹೆಂಡತಿ ದೇವಕಿ ಸೌದೆ ಮುರಿಯುತ್ತಾ ಗಂಡನಿಗೆ ಬಿಸಿ ಮುಟ್ಟಿಸಿದಳು.

“ಊರಿನವರನ್ನೆಲ್ಲ ನಗಿಸಿ ಬಂದಿರಿ. ಈಗ ನಿಮ್ಮ ಅವ್ವನನ್ನು ಹೊಳೆಯಿಂದ ಮೇಲೆ ತನ್ನಿ. ಎದೆಯಲ್ಲಿ ಕಫ ಗೊರಗೊರ ಅನ್ನುದು ಕೇಳುದಿಲ್ವಾ ನಿಮಗೆ?”

ಕೇಳುತ್ತಿತ್ತು. ಅದಕ್ಕೇ ಅವನಿಗೆ ಸಿಟ್ಟು. ಅವ್ವನ ಮೇಲಲ್ಲ, ತ್ಯಾಂಪಣ್ಣನ ಮೇಲೆ. ಅಂಗಡಿಗೆ ಹೋಗಿ ಅವನ ಏಳು ತಲೆಮಾರನ್ನು ಬೈದು ಬಂದ. ಅದರಿಂದ ಕೆಮ್ಮು ಕಡಿಮೆಯಾಗಲಿಲ್ಲ.

ಮೊದಲು ನೇರವಾಗಿ ಹೇಳಿ ನೋಡಿದ. “ಅವ್ವ, ನಾನು ತಮಾಷೆಗೆ ಹೇಳಿದ್ದು.”

“ಡಿಪೋದಲ್ಲಿ ನೀನು ಹೇಳುದನ್ನು ತಮಾಷೆಗಾ ನಂಬುದು ಅವರು?”

“ಅಲ್ಲಿ ಮರ. ಇದು ಬೇರೆ.”

“ತೂಗಿದೆಯೋ ಇಲ್ಲವೋ?”

“ತೂಗಿದೆ.”

“ಮತ್ತೆಂತ ತಮಾಷೆ?”

ಪರಮೇಶ್ವರ ಭಟ್ಟರನ್ನು ಮನೆಗೆ ಕರೆತಂದ. ಒಂದು ಸಲ ಶ್ರದ್ಧೆಯಿಂದ ಮುಳುಗಿದರೆ ಪೂರ್ತಿ ಹೋಗುತ್ತದೆ, ಶಾಸ್ತ್ರ ಇದೆ ಎಂದು ಅವರು ಹೇಳಿದರು. ಪೂವಕ್ಕ ತಲೆಬಾಗಿಸಿ ಕೇಳಿದಳು. ಅವರು ಅತ್ತ ಹೋದ ಮೇಲೆ, “ಪಾಪ, ಭಟ್ರು ಒಳ್ಳೆಯವರು. ಬಟ್ಟೆ ತೂಗಿ ಗೊತ್ತಿಲ್ಲ ಅವರಿಗೆ,” ಎಂದಳು.

ಅಬೂಬಕರ್ ಜಲ್ಲೆ ಹೆಗಲಿಗೆ ಆನಿಸಿಕೊಂಡು ಬಂದು ಅಂಗಳದಲ್ಲೇ ನಿಂತು ತನ್ನ ಪಾಲಿನ ಬುದ್ಧಿ ಹೇಳಿದ. “ಪೂವಕ್ಕ, ಸರಕಾರ ಸೇರು ರಾತಲು ಎಲ್ಲ ಬಂದ್ ಮಾಡಿತಲ್ಲ. ಇವರು ತೂಗಿದ್ದು ರಾತಲಿನಲ್ಲಿ. ಆ ಲೆಕ್ಕ ರದ್ದು!”

“ಸರಕಾರ ಬದಲಿಸಿದ್ದು ತೂಕದ ಕಲ್ಲನ್ನು ಅಬೂಬಕರ್. ಅಕ್ಕಿಯನ್ನಲ್ಲ.”

ಅಬೂಬಕರ್ ದೇರಣ್ಣನ ಮುಖ ನೋಡಿದ. “ಗೌಡ್ರೆ, ನಿಮಗೆ ಲೆಕ್ಕ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು. ನನ್ನಿಂದ ಆಗುದಿಲ್ಲ,” ಎಂದು ಹೊರಟುಹೋದ.

ದೇರಣ್ಣನ ಕೈಯಲ್ಲಿ ಕೊನೆಯದೊಂದು ಅಸ್ತ್ರ ಉಳಿದಿತ್ತು, ವ್ಯಾಪಾರದ ಕ್ರಮ. ಹದಿನಾರನೇ ದಿನ ಅವ್ವನ ಎದುರು ಟೇಪು ಬಿಚ್ಚಿ ಕೂತ.

“ನೋಡವ್ವ. ಕಾಲು ಇಂಚಿಗಿಂತ ಸಣ್ಣದನ್ನು ನಾವು ಬರೆಯುದೇ ಇಲ್ಲ. ಇಲ್ಲ ಅಂತಲೇ ಲೆಕ್ಕ. ಧಣಿಯೂ ಒಪ್ಪುದು, ಮಾರುವವನೂ ಒಪ್ಪುದು. ನಿನ್ನದು ಈಗ ಟೇಪಿನಲ್ಲಿ ಕಾಣುವಷ್ಟೂ ಇಲ್ಲ. ಹಾಗಾಗಿ ಮುಗಿಯಿತು.”

ಪೂವಕ್ಕ ಟೇಪಿನ ಗೆರೆಗಳನ್ನು ಬೆರಳಿನಿಂದ ಸವರಿ ನೋಡಿದಳು. ಅವನ ಲೆಕ್ಕ ಸರಿ ಎಂದು ಒಪ್ಪಿಕೊಂಡಳು ಎಂದೇ ದೇರಣ್ಣ ತಿಳಿದ.

“ಆ ಚೂರು ಬಿಡುದರಿಂದ ಲಾಭ ಯಾರಿಗೆ?”

“ಕೊಳ್ಳುವವನಿಗೆ.”

“ನಷ್ಟ?”

“ಮಾರುವವನಿಗೆ. ಕಾಡಿನಿಂದ ಮರ ತಂದವನಿಗೆ.”

“ಹಾಗಾದರೆ ಆ ಹೆಂಗಸಿಗೆ ನಷ್ಟ,” ಎಂದಳು ಪೂವಕ್ಕ.

“ಯಾವ ಹೆಂಗಸು?”

ಅವಳು ಕೆಮ್ಮು ನಿಲ್ಲುವವರೆಗೆ ಕಾದು ಹೇಳಿದಳು. ನಲವತ್ತಮೂರು ವರ್ಷದ ಹಿಂದಿನ ಮಾತು. ಅಜ್ಜಾವರದಲ್ಲಿ ದೊಡ್ಡ ಜ್ವರದ ವರ್ಷ. ಅಕ್ಕಿ ಇರಲಿಲ್ಲ, ಮನೆಮನೆಯಲ್ಲಿ ಹೆಣ. ದೇರಣ್ಣ ಆಗ ಎರಡು ವರ್ಷದವನು, ಜ್ವರ ಬಿಟ್ಟು ಎದ್ದಿದ್ದ. ಎಲ್ಲಿಂದಲೋ ಒಂದು ಹೆಂಗಸು ಸೊಂಟದಲ್ಲಿ ಮಗುವನ್ನು ಕೂರಿಸಿಕೊಂಡು ಅಂಗಳಕ್ಕೆ ಬಂದು ಗಂಜಿ ಕೇಳಿದಳು.

“ಇಲ್ಲ ಅಂತ ಹೇಳಿದೆ. ಗಂಜಿ ಒಲೆಯ ಮೇಲೆ ಕುದಿಯುತ್ತಾ ಇತ್ತು. ಆಕೆಗೆ ಪರಿಮಳ ಬಂದಿರ್ತದೆ. ಒಳಗೆ ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. ಹೋದಳು.”

“ಆಮೇಲೆ?”

“ಆಮೇಲೆ ಎಂತ? ನಿನಗೆ ಕುಡಿಸಿದೆ.”

ದೇರಣ್ಣ ಟೇಪು ಸುತ್ತತೊಡಗಿದ. ಸುತ್ತಿದ್ದು ಸರಿಯಾಗದೆ ಬಿಚ್ಚಿ ಮತ್ತೆ ಸುತ್ತಿದ. ಆ ಗಂಜಿ ಒಂದು ಬಟ್ಟಲಿತ್ತೋ ಎರಡಿತ್ತೋ ಎಂದು ಕೇಳಲು ಹೋಗಿ ಬಾಯಿ ಮುಚ್ಚಿಕೊಂಡ. ಕೇಳಿ ಏನು ಮಾಡುವುದು? ಯಾವುದರಿಂದ ಗುಣಿಸುವುದು? ಅವ್ವ ದಿನಾ ಬೆಳಿಗ್ಗೆ ತೊಳೆಯುತ್ತಿದ್ದದ್ದು ಆ ಗಂಜಿ ಕುಡಿದು ತಾನು ಬದುಕಿದ್ದನ್ನೇ ಎಂದು ಅವನಿಗೆ ಹೊಳೆದದ್ದು ಊಟದ ಹೊತ್ತಿಗೆ. ಅರ್ಧಕ್ಕೆ ಎದ್ದ. ದೇವಕಿ ಎಂತ ಆಯ್ತು ಎಂದು ಕೇಳಿದ್ದಕ್ಕೆ ಅವಳ ಮೇಲೆ ರೇಗಿದ.

ಮಾರನೇ ಬೆಳಿಗ್ಗೆ ಅವ್ವನ ಜೊತೆ ಅವನೂ ಹೊರಟ. ಕೈಯಲ್ಲಿ ಡಿಪೋದ ತಕ್ಕಡಿ. ದಾರಿಯುದ್ದಕ್ಕೂ ಪೂವಕ್ಕ ಕೆಮ್ಮಿದಳು, ಎರಡು ಕಡೆ ಕೂತು ಎದ್ದಳು. ಸಂಗಮದ ಮೆಟ್ಟಿಲಿನಲ್ಲಿ ಮಂಜು, ಆಚೆ ದಡ ಕಾಣುವಂತಿರಲಿಲ್ಲ. ಅವಳು ಇಳಿದು ಮುಳುಗಿ ಮೇಲೆ ಬಂದಳು. ತುಟಿ ನೀಲಿಯಾಗಿತ್ತು. ಒಣ ಸೀರೆ ಉಟ್ಟುಕೊಂಡು ಒದ್ದೆಯದನ್ನು ಹಿಂಡಿ ಮಗನ ಕೈಗೆ ಕೊಟ್ಟಳು. ದೇರಣ್ಣ ಅದನ್ನು ಕೊಕ್ಕೆಗೆ ಹಾಕಿ ಎತ್ತಿ ಹಿಡಿದ. ಮುಳ್ಳನ್ನು ನೋಡಿದ ಹಾಗೆ ಮಾಡಿದ.

“ಸೊನ್ನೆ,” ಎಂದ.

“ಎಂತ?”

“ಸೊನ್ನೆ ಬಂತವ್ವ. ಇವತ್ತಿಗೆ ಮುಗಿಯಿತು. ಒಂದು ಚೂರೂ ಇಲ್ಲ.”

ಪೂವಕ್ಕ ಮೆಟ್ಟಿಲಿನ ಮೇಲೆ ಕೂತಳು. ತಲೆಯ ನೀರು ಬೆನ್ನಿನ ಮೇಲೆ ಇಳಿಯುತ್ತಿತ್ತು.

“ನಿನ್ನೆ ಇತ್ತಲ್ಲ?”

“ನಿನ್ನೆ ಇತ್ತು.”

“ಇದ್ದದ್ದರ ಕಾಲು ಪಾಲು ಇವತ್ತು. ಇದ್ದದ್ದರ ಕಾಲು ಇಲ್ಲ ಆಗುದು ಹೇಗೆ?”

ದೇರಣ್ಣ ಹೊಳೆಯನ್ನು ನೋಡಿದ. ಲೆಕ್ಕ ಅವನ ಬಾಯಿಯ ಒಳಗೆಯೇ ಇತ್ತು: ಸಾವಿರದ ಏಳುನೂರು ಕೋಟಿ ಚಿಲ್ಲರೆಯಲ್ಲಿ ಒಂದು. ನಿನ್ನೆ ರಾತ್ರಿಯೇ ಮಾಡಿಟ್ಟದ್ದು.

“ಸೊನ್ನೆ ಅವ್ವ,” ಎಂದ ಇನ್ನೊಮ್ಮೆ.

ಅವಳು ತಕ್ಕಡಿಯ ಕಡೆ ಕತ್ತೆತ್ತಿದಳು. ಸೀರೆ ತಕ್ಕಡಿಯಲ್ಲೇ ತೂಗುತ್ತಾ ತೊಟ್ಟಿಕ್ಕುತ್ತಿತ್ತು. ಆಮೇಲೆ ಬೈಯಲು ಶುರುಮಾಡಿದಳು, ಅವನು ಚಡ್ಡಿ ಹಾಕುತ್ತಿದ್ದಾಗ ಬೈದ ಹಾಗೆ.

“ನಾಚಿಕೆ ಆಗುದಿಲ್ವಾ ನಿನಗೆ? ಇಪ್ಪತ್ತು ವರ್ಷ ಊರಿನವರ ಮರಕ್ಕೆ ಒಂದು ಇಂಚು ಸುಳ್ಳು ಹೇಳದವ, ಹೆತ್ತವಳ ಎದುರು ನಿಂತು ಸುಳ್ಳು ಅಳತೆ ಕೂಗುದಾ?”

“ನೀನು ಹೀಗೆ ದಿನಾ ಮುಳುಗಿದರೆ ಸಾಯ್ತಿ!” ಎಂದು ದೇರಣ್ಣನೂ ಕಿರುಚಿದ. “ಸಾಯಿ ಅಂತ ಬಿಡುದಾ ನಾನು? ನಾಳೆಯೂ ಬಾ, ನಾಳೆಯೂ ಸೊನ್ನೆ ಅಂತಲೇ ಹೇಳ್ತೇನೆ. ನಾಡಿದ್ದೂ ಹೇಳ್ತೇನೆ. ನೋಡುವ ಯಾರು ಸೋಲ್ತಾರೆ!”

ಮೇಲೆ ಅಂಗಡಿ ತೆರೆಯುತ್ತಿದ್ದ ತ್ಯಾಂಪಣ್ಣ ಬಗ್ಗಿ ನೋಡಿ, ಕಂಡವರಾರೆಂದು ತಿಳಿದು, ಹಾಗೆಯೇ ಒಳಗೆ ಸರಿದ.

ಪೂವಕ್ಕ ಮಗನನ್ನು ಮೇಲಿನಿಂದ ಕೆಳಗೆ ನೋಡಿದಳು. ಬೆರಳು ಮಡಚಿ ಏನೋ ಎಣಿಸುವವಳ ಹಾಗೆ ಕಂಡಳು.

“ನಾಳೆಯೂ ಹೇಳ್ತೀಯಾ?”

“ಹೇಳ್ತೇನೆ.”

“ಹಾಗಾದರೆ ನನ್ನ ಪಾಪ ದಿನಾ ಸಣ್ಣದಾಗುದು, ನಿನ್ನದು ದಿನಾ ದೊಡ್ಡದಾಗುದು. ಎರಡನ್ನೂ ಕೂಡಿಸು. ಎಂತ ಕಡಿಮೆ ಆಯ್ತು?”

ದೇರಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕೂಡಿಸಿದರೆ ಹೆಚ್ಚೇ ಬರುತ್ತಿತ್ತು.

“ನಾನು ನಾಳೆಯಿಂದ ಬರುದಿಲ್ಲ,” ಎಂದಳು ಪೂವಕ್ಕ. “ಉಳಿದದ್ದು ನನ್ನ ಹತ್ತಿರ ಇರಲಿ. ಆ ಹೆಂಗಸಿನದ್ದಲ್ವಾ, ಹೊತ್ತುಕೊಳ್ತೇನೆ. ಈಗ ನೀನು ಇಳಿ.”

“ನಾನಾ?”

“ಸುಳ್ಳು ಹೇಳಿದ್ದು ಯಾರು ಮತ್ತೆ, ನಾನಾ? ಇಳಿ.”

ಇಪ್ಪತ್ತು ವರ್ಷ ಹೊಳೆಯ ಮೇಲೆ ದುಡಿದವನು, ದಿಮ್ಮಿಯಿಂದ ದಿಮ್ಮಿಗೆ ಹಾರಿದವನು, ಒಮ್ಮೆಯೂ ಪುಣ್ಯಕ್ಕೆಂದು ನೀರಿಗಿಳಿದಿರಲಿಲ್ಲ. ತಕ್ಕಡಿಯನ್ನು ಅವ್ವನ ಕೈಗೆ ಕೊಟ್ಟ. ಅಂಗಿ ಬಿಚ್ಚಿದ. ಮೊಣಕಾಲಿನವರೆಗೆ ಇಳಿಯುವಾಗಲೇ ಹಲ್ಲು ಕಟಕಟ ಎಂದಿತು. ಹದಿನೇಳು ದಿನ ಇವಳು ಇದರಲ್ಲಿ ಹೇಗೆ ಇಳಿದಳು ಎಂದುಕೊಂಡ.

ಮಂಜಿನ ಒಳಗಿನಿಂದ ಕುಮಾರಧಾರೆಯ ಕಡೆಯ ಒಂದು ತೆಪ್ಪ ಬಂತು, ಮುಂಭಾಗದಲ್ಲಿ ಅಬೂಬಕರ್. ಸೊಂಟಮಟ್ಟ ನೀರಿನಲ್ಲಿ ನಡುಗುತ್ತಾ ನಿಂತವನನ್ನು ನೋಡಿ ಜಲ್ಲೆ ಊರಿ ನಿಲ್ಲಿಸಿದ.

“ಗೌಡ್ರೆ! ಎಂತ ಇದು? ಅಳತೆಗೆ ಮರ ತಂದಿದ್ದೇನೆ, ನೀವೇ ತೇಲ್ತಾ ಇದ್ದೀರಲ್ಲ!”

ದೇರಣ್ಣ ದಡದ ಕಡೆ ತಿರುಗಿದ. ಮೆಟ್ಟಿಲಿನಲ್ಲಿ ಪೂವಕ್ಕ ಅವನ ಒಣ ಅಂಗಿಯನ್ನು ತಲೆಗೆ ಸುತ್ತಿಕೊಂಡು, ಕೆಮ್ಮುತ್ತಾ, ಮಗ ಮುಳುಗುವುದನ್ನೇ ಕಾಯುತ್ತಿದ್ದಳು.

“ಎಷ್ಟು ಸಲ ಅವ್ವ?” ಎಂದು ಅಲ್ಲಿಂದಲೇ ಕೇಳಿದ.

“ಲೆಕ್ಕ ಕೇಳಬೇಡ,” ಎಂದಳು ಅವಳು. “ಮುಳುಗು. ಮನೆಗೆ ಹೋಗಿ ನನಗೆ ಒಲೆಯ ಹತ್ತಿರ ಕೂರಬೇಕು.”

ಅವನು ಮೂಗು ಹಿಡಿದು ಮುಳುಗಿದ.